ಸವಳು ಏರಿದ ಗೋಡೆಗೆ ರೋಲರ್ ಟೆಕ್ಸ್ಚರ್ ಹೊಡೆಸಬಹುದೇ?

ಪ್ರಶ್ನೆ: ಕೊಪ್ಪಳ ಜಿಲ್ಲೆಯ ಕಾರಟಗಿ ಹತ್ತಿರ, ಗದ್ದೆಗೆ ಹೊಂದಿಕೊಂಡೇ ನಮ್ಮ ಮನೆ ಇದೆ. ಎರೆ ಭೂಮಿ. ಕಟ್ಟಿ 13 ವರ್ಷವಾಯಿತು, 9 ಇಂಚಿನ ಇಟ್ಟಿಗೆ ಗೋಡೆ. ಹಾಲ್ 18 ಅಡಿ ಉದ್ದ, 10 ಅಡಿ ಎತ್ತರ. ಟಿವಿ ಇರುವ ಒಳಗೋಡೆ ಗಟ್ಟಿಯಾಗಿದೆ. ಅದರ ಕೆಳಗಿನ 4 ಅಡಿಗೆ ಮೊದಲಿನಿಂದಲೂ ಆಯಿಲ್ ಪೇಂಟ್ ಇದೆ. ಅದರ ಎದುರಿಗಿನದು ಗದ್ದೆ ಕಡೆಯ ಹೊರಗೋಡೆ. ಅಲ್ಲಿ ನೆಲದಿಂದ ಎರಡೂವರೆ ಅಡಿವರೆಗೆ ಬಣ್ಣ ಎದ್ದು ಬಿಳಿ ಪುಡಿ ಉದುರುತ್ತದೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕೂ ಹೋಗಿದೆ. ಮೇ ಕೊನೆಗೆ ಮಗಳ ಮದುವೆ. ಎರಡೂ ಗೋಡೆಗೆ ರೋಲರ್ ಟೆಕ್ಸ್ಚರ್ (ರೋಲರಿನಿಂದ ಮೂಡಿಸುವ ಉಬ್ಬುತಗ್ಗಿನ ದಪ್ಪ ಲೇಪ) ಹೊಡೆದರೆ ಬಿರುಕು, ತೇವ, ಆಯಿಲ್ ಪೇಂಟ್ ಎಲ್ಲವೂ ಮುಚ್ಚಿಹೋಗುತ್ತದೆ, ಪ್ರೈಮರ್ ಬೇಕಾಗಿಲ್ಲ, ವೈಟ್ ಸಿಮೆಂಟ್, ಪುಟ್ಟಿ, ಮರಗೆಲಸದ ಬಿಳಿ ಅಂಟು ಕಲಸಿ ತಾನೇ ಮಾಲು ಮಾಡಿಕೊಡುತ್ತೇನೆ ಎಂದು ಪೇಂಟರ್ ಹೇಳುತ್ತಾನೆ. ಪಕ್ಕದ ಮನೆಯವರು ಹೋದ ಬೇಸಿಗೆಯಲ್ಲಿ ಹೊಡೆಸಿದ್ದು ದೀಪಾವಳಿ ಹೊತ್ತಿಗೆ ಉಬ್ಬಿ ಉದುರಿತು. ಅದಕ್ಕೇ ಭಯ. ಅಂಗಡಿಯಿಂದ ಮಾಲು ತಂದು ನಾವೇ ರೋಲರ್ ಹಿಡಿದು ಮಾಡಿಕೊಳ್ಳಬಹುದೇ? ಎಷ್ಟು ಸಾಮಾನು ಬೇಕು?

ಉತ್ತರ: ನೀವು ಕೇಳಿದ್ದು ರೋಲರ್ ಬಗ್ಗೆ, ಆದರೆ ಪತ್ರದಲ್ಲಿ ಇರುವುದು ಎರಡು ಬೇರೆ ಬೇರೆ ಗೋಡೆ. ಹಾಗಾಗಿ ಉತ್ತರವೂ ಎರಡು. ಟಿವಿ ಗೋಡೆಗೆ ಧಾರಾಳವಾಗಿ ಹೊಡೆಯಬಹುದು, ಕೈಯಲ್ಲಿ ಸ್ವಲ್ಪ ತಾಳ್ಮೆ ಇದ್ದರೆ ನೀವೇ ಹೊಡೆಯಬಹುದು. ಗದ್ದೆ ಕಡೆಯ ಗೋಡೆಗೆ ಈ ಮೇ ತಿಂಗಳಲ್ಲಿ ಯಾರು ಹೊಡೆದರೂ, ಎಷ್ಟು ದುಬಾರಿ ಮಾಲು ತಂದರೂ, ಪಕ್ಕದ ಮನೆಯ ಕಥೆಯೇ ಆಗುತ್ತದೆ. ಮೊದಲು ಆ ಗೋಡೆಯನ್ನೇ ನೋಡೋಣ.

ಪಕ್ಕದ ಮನೆಯ ಟೆಕ್ಸ್ಚರ್ ಬೇಸಿಗೆಯಲ್ಲಿ ಹೊಡೆಸಿದ್ದು, ದೀಪಾವಳಿಗೆ ಉದುರಿದ್ದು. ಈ ಎರಡರ ನಡುವೆ ಏನಾಯಿತು? ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂತು. ನಿಮ್ಮ ಭಾಗದಲ್ಲಿ ಏಪ್ರಿಲ್–ಮೇನಲ್ಲಿ ಸಾಮಾನ್ಯವಾಗಿ ಕಾಲುವೆ ಬಂದ್ ಇರುತ್ತದೆ, ಗದ್ದೆ ಒಣಗಿ ಬಿರುಕು ಬಿಟ್ಟಿರುತ್ತದೆ, ನೆಲದೊಳಗಿನ ನೀರು ಕೆಳಗಿಳಿದಿರುತ್ತದೆ. ಆಗ ಗೋಡೆ ಕೈಗೆ ಒಣಗಿದಂತೆಯೇ ಸಿಗುತ್ತದೆ. ಪೇಂಟರ್ ಅಂಗೈ ಇಟ್ಟು ನೋಡಿ "ತೇವ ಎಲ್ಲೈತಿ?" ಎಂದರೆ ಅವನು ಸುಳ್ಳು ಹೇಳಿದ ಹಾಗಲ್ಲ. ಮುಂಗಾರಿನಲ್ಲಿ ಕಾಲುವೆ ಬಿಟ್ಟು ನಾಟಿ ಆದ ಮೇಲೆ ಅದೇ ನೀರು ಮೇಲೆದ್ದು ಅಡಿಪಾಯದಿಂದ ಇಟ್ಟಿಗೆಯ ಸಣ್ಣ ರಂಧ್ರಗಳ ಮೂಲಕ ಗೋಡೆ ಹತ್ತುತ್ತದೆ. ದೀಪದ ಬತ್ತಿ ಎಣ್ಣೆ ಎಳೆದಂತೆ. ಸಾಧಾರಣವಾಗಿ ಎರಡರಿಂದ ಮೂರು ಅಡಿ, ಕೆಲವೆಡೆ ಇನ್ನೂ ಮೇಲೆ. ನಿಮ್ಮಲ್ಲಿ ಎರಡೂವರೆ ಅಡಿಗೆ ಗೆರೆ ಎಳೆದ ಹಾಗೆ ನಿಂತಿದೆ ಎಂದರೆ ಅದು ಛಾವಣಿಯ ಸೋರಿಕೆಯಲ್ಲ, ಕೆಳಗಿನಿಂದ ಏರಿದ ತೇವವೇ.

ನೀರು ಒಂಟಿಯಾಗಿ ಬರುವುದಿಲ್ಲ. ದಶಕಗಳಿಂದ ನೀರುಣಿಸಿದ ಅಚ್ಚುಕಟ್ಟಿನ ಎರೆ ಮಣ್ಣು ಬಹಳ ಕಡೆ ಸವಳಾಗಿದೆ, ಅಂದರೆ ಉಪ್ಪೇರಿದೆ. ಮನೆ ಕಟ್ಟುವಾಗ ಸವಳು ಬೋರಿನ ನೀರಿನಲ್ಲೇ ಕಲಸಿ, ಕ್ಯೂರಿಂಗ್ ಕೂಡ ಅದರಲ್ಲೇ ಮಾಡಿದ್ದರೆ ಗೋಡೆಯ ಒಳಗೂ ಉಪ್ಪು ಕೂತಿರುತ್ತದೆ. ನೀರು ಗೋಡೆಯ ಮೈಗೆ ಬಂದು ಆರುತ್ತದೆ, ಉಪ್ಪು ಅಲ್ಲೇ ಹರಳುಗಟ್ಟುತ್ತದೆ. ಸುಣ್ಣದ ಗೋಡೆಯಲ್ಲಿ ಅದು ಮೇಲೆ ಬಿಳಿ ಪುಡಿಯಾಗಿ ಅರಳಿ ಉದುರುತ್ತದೆ, ಕಸಬರಿಗೆಯಲ್ಲಿ ಗುಡಿಸಿದರೆ ಮುಗಿಯಿತು. ಟೆಕ್ಸ್ಚರ್ ಎಂದರೆ ಅಕ್ರಿಲಿಕ್ ಅಂಟಿನಲ್ಲಿ ಕಲ್ಲಿನ ಪುಡಿ ಕಟ್ಟಿದ ದಪ್ಪ ಪದರ. ಅದನ್ನು ಹೊಡೆದ ಮೇಲೆ ಹರಳುಗಟ್ಟುವ ಜಾಗ ಪದರದ ಹಿಂಬದಿಗೆ ಸರಿಯುತ್ತದೆ. ಸೋಡಿಯಂ ಸಲ್ಫೇಟ್‌ನಂಥ ಉಪ್ಪು ನೀರು ಹಿಡಿದಾಗ ಒಣಗಿದ ಸ್ಥಿತಿಗಿಂತ ಮೂರು ಪಟ್ಟಿಗೂ ಮಿಕ್ಕಿ ಹಿಗ್ಗುತ್ತದೆ. ಒಣಗಿ, ನೆನೆದು, ಮತ್ತೆ ಒಣಗಿ, ಹೀಗೆ ಒಂದು ಹಂಗಾಮು ಕಳೆದರೆ ಪದರವನ್ನು ಹಿಂದಿನಿಂದ ಜ್ಯಾಕ್ ಹಾಕಿ ಎತ್ತಿದಂತೆ. ಬಣ್ಣ ತೆಳ್ಳಗಿದ್ದರೆ ಗುಳ್ಳೆ ಬಂದು ಸಣ್ಣ ಚಕ್ಕೆ ಉದುರುತ್ತದೆ. ಟೆಕ್ಸ್ಚರ್ ಭಾರ ಹೆಚ್ಚು, ಆದ್ದರಿಂದ ಪುಟ್ಟಿಯನ್ನೂ ಪ್ಲಾಸ್ಟರಿನ ಮೇಲ್ಪದರವನ್ನೂ ಕಿತ್ತುಕೊಂಡು ಹಾಳೆಹಾಳೆಯಾಗಿ ಬೀಳುತ್ತದೆ.

ತೇವ ಪರೀಕ್ಷಿಸುವುದು ಕಷ್ಟವಲ್ಲ. ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಒತ್ತಿ 24 ಗಂಟೆ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಅಥವಾ ಆ ಚೌಕದ ಗೋಡೆ ಕಪ್ಪಾದರೆ ನೀರು ಗೋಡೆಯದು. ಆದರೆ ಈ ಪರೀಕ್ಷೆಯನ್ನು ನೀವು ಮೇನಲ್ಲಿ ಮಾಡಿದರೆ ಗೋಡೆ ಪಾಸಾಗಿಬಿಡುತ್ತದೆ, ಮೋಸವಾಗುವುದು ಇಲ್ಲೇ. ಕಾಲುವೆ ಸೀಮೆಯಲ್ಲಿ ಗೋಡೆಯ ನಿಜ ಗೊತ್ತಾಗುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಗದ್ದೆಯಲ್ಲಿ ನೀರು ನಿಂತಿರುವಾಗ. ಆಗಲೂ ಹಾಳೆ ಒಣಗಿದ್ದರೆ ಮಾತ್ರ ಆ ಗೋಡೆಯನ್ನು ನಂಬಬಹುದು. ಕುಷ್ಟಗಿ ಕಡೆಯ ಖುಷ್ಕಿ (ಮಳೆ ನಂಬಿದ, ಕಾಲುವೆ ನೀರಿಲ್ಲದ) ಊರಿನವರಿಗೆ ಈ ಎಚ್ಚರ ಇಷ್ಟು ಬೇಕಾಗದು.

ಹಾಗಾದರೆ ಆ ಗೋಡೆಗೆ ಏನು ಮಾಡುವುದು? ಮೊದಲು ಹೊರಗೆ ಹೋಗಿ ಬುಡ ನೋಡಿ. ಹೂಕುಂಡದ ಸಾಲು, ಗೋಡೆಗೆ ಒತ್ತಿ ಹಾಕಿದ ಮಣ್ಣು, ತೊಳೆಯುವ ಕಲ್ಲಿನ ನೀರು, ಬಚ್ಚಲ ಪೈಪು. ಇನ್ನೊಂದು, ಈಗ ಊರೂರಿಗೂ ಬಂದಿರುವ ಕಾಯಿಲೆ: ಹಳೆ ಸಿಸಿ ರಸ್ತೆ ಅಗೆಯದೆ ಅದರ ಮೇಲೇ ಹೊಸದು ಹಾಕಿ ಹಾಕಿ ರಸ್ತೆ ಮನೆಯ ನೆಲಕ್ಕಿಂತ ಎತ್ತರವಾಗಿರುವುದು. ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಕನಿಷ್ಠ 6 ಇಂಚು ಕೆಳಗಿರಬೇಕು, ಇಳಿಜಾರು ಗೋಡೆಯಿಂದ ಆಚೆಗಿರಬೇಕು. ಇದೊಂದನ್ನು ಸರಿಪಡಿಸಿದರೇ ಅರ್ಧ ತೇವ ನಿಂತ ಮನೆಗಳುಂಟು.

ಅದಾದ ಮೇಲೂ ಏರುತ್ತಿದ್ದರೆ ಎರಡು ದಾರಿ. ಒಂದು, ನೆಲದಿಂದ ಸುಮಾರು ಅರ್ಧ ಅಡಿ ಮೇಲೆ, 4–5 ಇಂಚಿಗೊಂದರಂತೆ ಸಾಲಾಗಿ 12 ಮಿಲಿಮೀಟರ್ ರಂಧ್ರ ಕೊರೆದು ಸಿಲೇನ್ ಆಧಾರಿತ ನೀರುತಡೆ ಕ್ರೀಮ್ ತುಂಬಿಸುವುದು. ಕಟ್ಟುವಾಗ ಬಿಟ್ಟುಹೋದ ತೇವತಡೆ ಪದರವನ್ನು ಈಗ ಗೋಡೆಯೊಳಗೇ ಮಾಡಿಕೊಂಡ ಹಾಗೆ. ಇದರ ಜೊತೆಗೆ ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಹಳೆ ಪ್ಲಾಸ್ಟರ್ ಕಿತ್ತು ಹೊಸದು ಮಾಡಬೇಕು, ಏಕೆಂದರೆ ಉಪ್ಪು ಕೂತಿರುವುದು ಅದರಲ್ಲಿ. ಅಪಾಯ ಏನೆಂದರೆ, ರಂಧ್ರ ಇಟ್ಟಿಗೆಯ ಸಂದಿನ ಗಾರೆಯಲ್ಲಿ ಸಾಲಾಗಿ ಬರದಿದ್ದರೆ, ಗೋಡೆಯ ಆಳದವರೆಗೆ ಹೋಗದಿದ್ದರೆ ನಡುನಡುವೆ ಕಿಂಡಿ ಉಳಿದು ತೇವ ಮತ್ತೆ ಹತ್ತುತ್ತದೆ. ಕೆಲಸ ಸರಿಯಾಗಿ ಆದರೂ ಗೋಡೆ ತಕ್ಷಣ ಒಣಗದು. ದಪ್ಪದ ಪ್ರತಿ ಇಂಚಿಗೆ ಸುಮಾರು ಒಂದು ತಿಂಗಳು ಎಂಬ ಲೆಕ್ಕವಿದೆ. 9 ಇಂಚಿನ ಗೋಡೆ ಎರಡೂ ಬದಿಗೆ ಉಸಿರಾಡಿದರೂ ನಾಲ್ಕೈದು ತಿಂಗಳು ಬೇಕು. ನಿಮ್ಮ ಮದುವೆಗೆ ಆಗುವ ಮಾತಲ್ಲ.

ಎರಡನೆಯ ದಾರಿಯೇ ಈಗ ನಿಮಗೆ ನಾನು ಹೇಳುವುದು: ಸುಣ್ಣ. ಎದ್ದ ಬಣ್ಣ, ಪುಟ್ಟಿ ಹೆರೆದು ತೆಗೆಯಿರಿ. ಬಿಳಿ ಪುಡಿಯನ್ನು ಒಣ ಗಟ್ಟಿ ಬ್ರಷ್ಷಿನಿಂದಲೇ ಉದುರಿಸಿ, ನೀರು ಹಾಕಿ ತೊಳೆಯಬೇಡಿ. ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಉದುರಿದ್ದನ್ನು ಮೊರದಲ್ಲಿ ಎತ್ತಿ ಹೊರಗೆ ಹಾಕಿ. ವಾರ ಬಿಟ್ಟು ಇನ್ನೊಮ್ಮೆ ಬ್ರಷ್ ಮಾಡಿ, ಆಮೇಲೆ ಚೆನ್ನಾಗಿ ಅರಳಿಸಿದ ಸುಣ್ಣವನ್ನು ತೆಳ್ಳಗೆ ಮೂರು ಸಲ, ಟಿವಿ ಗೋಡೆಗೆ ಒಪ್ಪುವ ತಿಳಿ ಬಣ್ಣದ ಪುಡಿ ಬೆರೆಸಿ. ಗೋಡೆ ಉಸಿರಾಡುತ್ತದೆ, ಮದುವೆ ಚೆಂದವಾಗಿ ಕಳೆಯುತ್ತದೆ. ವರ್ಷಕ್ಕೊಮ್ಮೆ ಹೊಡೆಯಬೇಕು, ಬಟ್ಟೆಗೆ ಹತ್ತುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಲು ಬಾರದು, ಇಷ್ಟು ತೊಂದರೆ ಇದ್ದೇ ಇದೆ. ಮುಂದೆ ಟೆಕ್ಸ್ಚರ್ ಮಾಡಿಸುವ ದಿನ ಈ ಸುಣ್ಣವನ್ನು ಒಂದು ಪುಡಿ ಉಳಿಯದಂತೆ ಹೆರೆಯಬೇಕು ಎಂಬುದನ್ನೂ ಈಗಲೇ ಬರೆದಿಟ್ಟುಕೊಳ್ಳಿ. ಪಿವಿಸಿ ಪ್ಯಾನೆಲ್ ಹೊಡೆಸಿ ಮುಚ್ಚುವ ಸಲಹೆ ಯಾರಾದರೂ ಕೊಟ್ಟಾರು. ಅದರ ಹಿಂದೆ ಗಾಳಿ ಆಡದೆ ತೇವ ಇನ್ನೂ ಮೇಲಕ್ಕೆ ಹತ್ತಿ ಪ್ಯಾನೆಲ್ ಮುಗಿದಲ್ಲಿ ಹೊರಬೀಳುತ್ತದೆ.

ಬಿರುಕಿನ ಮಾತು. ಟೆಕ್ಸ್ಚರ್ ಬಿರುಕು ಮುಚ್ಚುತ್ತದೆ ಎಂಬುದು ಅರ್ಧ ಸತ್ಯ. ಪ್ಲಾಸ್ಟರ್ ಒಣಗುವಾಗ ಬಿದ್ದ, ಜೇಡರ ಬಲೆಯಂಥ ಕೂದಲೆಳೆ ಬಿರುಕುಗಳು ಮುಚ್ಚಿ ಹೋಗುತ್ತವೆ. ಅವು ಇನ್ನು ಅಲುಗುವುದಿಲ್ಲ. ನಿಮ್ಮದು ಕಿಟಕಿ ಮೂಲೆಯಿಂದ ಓರೆಯಾಗಿ ಹೋದದ್ದು, ಎರೆ ಭೂಮಿಯ ಮೇಲಿನ ಮನೆ. ಎರೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಅಡಿಪಾಯ ಅದರ ಜೊತೆ ಏರಿಳಿಯುತ್ತದೆ, ಗೋಡೆಯ ದುರ್ಬಲ ಜಾಗವಾದ ಕಿಟಕಿಯ ಮೂಲೆ ಬಾಯಿ ಬಿಡುತ್ತದೆ. ಇದು ಬದುಕಿರುವ ಬಿರುಕು. ಅದರ ಎರಡೂ ಬದಿಗೆ ಪೆನ್ಸಿಲಿನಲ್ಲಿ ಒಂದೊಂದು ಚುಕ್ಕಿ ಇಟ್ಟು, ನಡುವಿನ ಅಂತರ ಅಳೆದು ದಿನಾಂಕ ಬರೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ನೋಡಿ. ಅಂತರ ಬದಲಾಗದಿದ್ದರೆ ಬಿರುಕನ್ನು 5–6 ಮಿಲಿಮೀಟರ್ ಅಗಲಕ್ಕೆ ವಿ ಆಕಾರದಲ್ಲಿ ಕೊರೆದು, ಅಕ್ರಿಲಿಕ್ ಕ್ರ್ಯಾಕ್ ಪೇಸ್ಟ್ ತುಂಬಿ, ಮೇಲೆ ಫೈಬರ್ ಜಾಲರಿ ಪಟ್ಟಿ ಕೂರಿಸಿದರೆ ಸಾಕು. ಬದಲಾಗುತ್ತಿದ್ದರೆ, ಅದರಲ್ಲೂ ಬಿರುಕಿಗೆ ಒಂದು ರೂಪಾಯಿ ನಾಣ್ಯ ತೂರುವಷ್ಟಾದರೆ, ಪೇಂಟರನ್ನಲ್ಲ ಸಿವಿಲ್ ಎಂಜಿನಿಯರರನ್ನು ಕರೆಯಿರಿ. ಅಲ್ಲಿವರೆಗೆ ಅದರ ಮೇಲೆ ದಪ್ಪ ಮಾಲು ಹೇರುವುದು ಬೇಡ; ಬಿರುಕು ಟೆಕ್ಸ್ಚರಿನಲ್ಲೂ ಮೂಡಿಬರುತ್ತದೆ, ಆಮೇಲೆ ರಿಪೇರಿಯ ತೇಪೆ ಅದಕ್ಕಿಂತ ಎದ್ದು ಕಾಣುತ್ತದೆ.

ಪೇಂಟರ್ ಕಲಸಿಕೊಡುತ್ತೇನೆ ಎಂದ ಮಾಲಿನ ಬಗ್ಗೆ ನೇರವಾಗಿ ಹೇಳಬೇಕು. ವೈಟ್ ಸಿಮೆಂಟಿಗೂ ಅದರಿಂದ ಮಾಡಿದ ಪುಟ್ಟಿಗೂ ಗಟ್ಟಿಯಾಗಲು ನೀರು ಬೇಕು, ಸಮಯ ಬೇಕು. 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ತೆಳು ಪದರದ ನೀರು ಕೆಲವೇ ನಿಮಿಷದಲ್ಲಿ ಹಾರಿಹೋಗುತ್ತದೆ. ಸಿಮೆಂಟ್ ಕಚ್ಚದೆ ಬರಿ ಪುಡಿಯಾಗಿ ಉಳಿಯುತ್ತದೆ, ಉಗುರಿನಿಂದ ಗೀರಿದರೆ ಉದುರುತ್ತದೆ. ಈ ಕೊರತೆ ತುಂಬಲೆಂದೇ ಮರದ ಅಂಟು ಸೇರಿಸುವುದು. ಆದರೆ ಆ ಅಂಟು ತೇವ ತಗುಲಿದರೆ ಮತ್ತೆ ಮೆತ್ತಗಾಗುವ ಜಾತಿ. ಇನ್ನು ಉಳಿದ ಎಮಲ್ಷನ್ ಬಣ್ಣಕ್ಕೆ ಪುಟ್ಟಿ ಸುರಿದು ಗಟ್ಟಿ ಮಾಡುವುದೂ ನಡೆದಿದೆ: ಪುಡಿ ಹೆಚ್ಚಿ, ಅದನ್ನು ಕಟ್ಟಿಹಿಡಿಯುವ ಅಂಟು ಸಾಲದೆ, ಒಣಗಿದ ಕೆರೆಯ ತಳದಂತೆ ಸೀಳುತ್ತದೆ. ನಾಲ್ಕು ಕಾಸು ಉಳಿಯುವುದು ನಿಜ, ಆದರೆ ಒಂದೊಂದು ಕಲಸಿಗೂ ಅಳತೆ ಬೇರೆಯಾಗಿ ಗೋಡೆಯಲ್ಲಿ ಪಟ್ಟೆಪಟ್ಟೆ ಕಾಣುತ್ತದೆ. ಒಳಗೋಡೆಗೆಂದೇ ಬರುವ ರೆಡಿಮೇಡ್ ಅಕ್ರಿಲಿಕ್ ಟೆಕ್ಸ್ಚರ್ ಬಕೆಟ್ ತನ್ನಿ, ರೋಲರ್ ಗ್ರೇಡ್ ಎಂದು ಕೇಳಿ. ಕರಣಿಯಿಂದ ಎಳೆಯುವ ರಸ್ಟಿಕ್ ಗ್ರೇಡಿನಲ್ಲಿ ಹರಳು ದಪ್ಪ. ರೋಲರ್ ಹಾಕಿದರೆ ಹರಳು ಉರುಳಿ ಗೀಚುತ್ತದೆ.

ಈಗ ಟಿವಿ ಗೋಡೆಗೆ ಬರೋಣ. ರೋಲರ್ ಓಡಿಸುವುದು ಎರಡು ತಾಸಿನ ಕೆಲಸ. ಅದಕ್ಕೂ ಮುಂಚಿನ ಎರಡು ಮೂರು ದಿನವೇ ಗೋಡೆಯ ಹಣೆಬರಹ ಬರೆಯುವುದು.

ಕೆಳಗಿನ 4 ಅಡಿ ಆಯಿಲ್ ಪೇಂಟ್ ಗಾಜಿನಂತೆ ನುಣುಪು. ಅದರ ಮೇಲೆ ನೀರಿನ ಮಾಲು ಕೂತಂತೆ ಕಾಣುತ್ತದೆ, ಒಣಗಿದ ಮೇಲೆ ಚಪಾತಿಯಂತೆ ಸುಲಿದು ಬರುತ್ತದೆ. ನನ್ನನ್ನು ಕೇಳಿದರೆ ಆ ಭಾಗವನ್ನು ಹಾಗೇ ಉಳಿಸಿ, ಹೊಸ ಬಣ್ಣದ ಆಯಿಲ್ ಪೇಂಟ್ ಹೊಡೆದು, 4 ಅಡಿಗೆ ಒಂದು ತೆಳು ಮರದ ಪಟ್ಟಿ ಬಡಿದು, ಮೇಲಿನ 6 ಅಡಿಗೆ ಮಾತ್ರ ಟೆಕ್ಸ್ಚರ್ ಮಾಡುವುದೇ ಜಾಣತನ. ಕುರ್ಚಿಯ ಬೆನ್ನು, ಮಕ್ಕಳ ಕೈ, ಎಣ್ಣೆ ತಲೆ ತಗುಲುವುದು ಆ ಕೆಳಗಿನ ಭಾಗಕ್ಕೇ. ಟೆಕ್ಸ್ಚರಿನ ಉಬ್ಬು ಮೊದಲು ಸವೆಯುವುದೂ ಅಲ್ಲೇ. ಇಲ್ಲ, ನೆಲದಿಂದ ಛಾವಣಿವರೆಗೂ ಒಂದೇ ಬೇಕು ಎಂದರೆ: 100 ನಂಬರಿನ ವಾಟರ್ ಪೇಪರಿನಿಂದ (ನೀರು ಹಚ್ಚಿ ಉಜ್ಜುವ ಉಪ್ಪುಕಾಗದ) ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿ, ಸೋಪಿನ ಪುಡಿಯ ನೀರಿನಿಂದ ಜಿಡ್ಡು ತೊಳೆದು, ಸಿಹಿನೀರಿನಿಂದ ಒರೆಸಿ, ಒಂದು ದಿನ ಒಣಗಿಸಿ, ಟೈಲ್ಸ್ ಮೇಲೂ ಹಿಡಿಯುವಂಥ ಬಾಂಡಿಂಗ್ ಪ್ರೈಮರ್ ಹೊಡೆಯಿರಿ. ಮರುದಿನ ಬ್ಲೇಡಿನಿಂದ ಗುಣಾಕಾರದ ಗುರುತು ಕೊಯ್ದು, ಟೇಪ್ ಒತ್ತಿ, ಸರ್ರನೆ ಕಿತ್ತು ನೋಡಿ. ಟೇಪಿಗೆ ಪ್ರೈಮರ್ ಬಂದರೆ ಮತ್ತೆ ಉಜ್ಜುವುದೇ. ಈ ಉಜ್ಜಾಟ ಒದ್ದೆಯಾಗಿಯೇ ನಡೆಯಲಿ. ಮನೆಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದೆಂಬ ಕೇಂದ್ರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ನಿಮ್ಮ ಗೋಡೆಯ ಬಣ್ಣ ಅದಕ್ಕೂ ಹಿಂದಿನದು. ಒಣ ಧೂಳು ಎಬ್ಬಿಸಬೇಡಿ, ಬೆಂಕಿ ತಾಗಿಸಿ ಸುಲಿಯಬೇಡಿ, ಕೆಲಸ ಮುಗಿದು ನೆಲ ಒರೆಸುವವರೆಗೆ ಸಣ್ಣ ಮಕ್ಕಳನ್ನೂ ಬಸುರಿಯರನ್ನೂ ಆ ಕಡೆ ಬಿಡಬೇಡಿ.

ಮೇಲಿನ 6 ಅಡಿಗೆ ಕೆಲಸ ಕಡಿಮೆ. ಸಡಿಲ ಬಣ್ಣ ಹೆರೆದು, ಕುಳಿಗಳಿಗೆ ಮಾತ್ರ ಪುಟ್ಟಿ ತುಂಬಿ. ಇಡೀ ಗೋಡೆಗೆ ಎರಡು ಕೈ ಪುಟ್ಟಿ ಎಳೆದು ಕನ್ನಡಿಯಂತೆ ಮಾಡಿ ಆಮೇಲೆ ಟೆಕ್ಸ್ಚರ್ ಹೊಡೆಯುವುದು ದುಡ್ಡು ದಂಡ ಮಾತ್ರವಲ್ಲ, ಭಾರದ ಪದರಕ್ಕೂ ಗಟ್ಟಿ ಗೋಡೆಗೂ ನಡುವೆ ಮೆತ್ತನೆಯ ಪದರವನ್ನು ನಾವೇ ಸೇರಿಸಿದ ಹಾಗೆ. ಆಮೇಲೆ ನೀರಿನ ಅಕ್ರಿಲಿಕ್ ಪ್ರೈಮರ್ ಒಂದು ಕೈ, ಆರರಿಂದ ಎಂಟು ತಾಸು ಬಿಡುವು. ಪ್ರೈಮರ್ ಬೇಡ ಎನ್ನುವವರಿಗೆ ಒಂದು ಮಾತು: ಹಸಿದ ಗೋಡೆ ಮಾಲಿನ ನೀರನ್ನು ಒಂದೊಂದು ಕಡೆ ಒಂದೊಂದು ವೇಗದಲ್ಲಿ ಕುಡಿಯುತ್ತದೆ. ನೀರು ಆರುತ್ತ ಆರುತ್ತ ಅಕ್ರಿಲಿಕ್ ಕಣಗಳು ಒಂದಕ್ಕೊಂದು ಬೆಸೆದು ಪದರವಾಗಬೇಕು. ನೀರು ಮೊದಲೇ ಗೋಡೆಯೊಳಗೆ ಇಳಿದುಹೋದರೆ ಬೆಸುಗೆ ಕೂಡದು, ರೋಲರ್ ಎಳೆದಾಗ ಮಾಲು ಕಿತ್ತು ಬರುತ್ತದೆ. ನಿಮ್ಮ ಕಡೆಯ ಬೇಸಿಗೆಯಲ್ಲಂತೂ ಇದು ಎರಡು ಪಟ್ಟು.

ಅಂಗಡಿಯಲ್ಲಿ "ಟೆಕ್ಸ್ಚರ್ ರೋಲರ್" ಎಂದರೆ ಮೂರು ಬಗೆ ತೋರಿಸುತ್ತಾರೆ, ಇಲ್ಲೇ ಬಹಳ ಮಂದಿ ಎಡವುವುದು. ಜೇನುಗೂಡಿನಂತೆ ಪ್ಲಾಸ್ಟಿಕ್ ನೂಲು ಹೆಣೆದದ್ದು ದಪ್ಪ ಉಬ್ಬು ಕೊಡುತ್ತದೆ. ದೊಡ್ಡ ತೂತಿನ ಸ್ಪಂಜಿನದು ಕಿತ್ತಳೆ ಸಿಪ್ಪೆಯಂಥ ಸಣ್ಣ ಉಬ್ಬು ಕೊಡುತ್ತದೆ. ಬಳ್ಳಿ, ಹೂವಿನ ಚಿತ್ತಾರ ಕೆತ್ತಿದ ರಬ್ಬರಿನದು ಟೆಕ್ಸ್ಚರಿನದೇ ಅಲ್ಲ; ನುಣುಪು ಗೋಡೆಯ ಮೇಲೆ ತೆಳು ಎಮಲ್ಷನ್ ಅಚ್ಚು ಒತ್ತುವುದು. ಅದನ್ನು ಪೇಸ್ಟಿನಲ್ಲಿ ಅದ್ದಿದರೆ ಕೆತ್ತನೆ ಮುಚ್ಚಿ ಬರಿ ಕಲೆ ಬೀಳುತ್ತದೆ. ನೀವು ಸ್ಪಂಜಿನದನ್ನೇ ತೆಗೆದುಕೊಳ್ಳಿ. ಆಳದ ಟೆಕ್ಸ್ಚರ್ ನಮ್ಮ ಸೀಮೆಗೆ ಹೊಂದದು: ಬಳ್ಳಾರಿ, ಸಂಡೂರು ಕಡೆ ಅದಿರಿನ ಕೆಂಪು ಧೂಳು, ರಾಯಚೂರು, ಸಿಂಧನೂರು, ಗಂಗಾವತಿಯಲ್ಲಿ ಅಕ್ಕಿ ಗಿರಣಿಯ ಹೊಟ್ಟು, ಬೇಸಿಗೆ ಗಾಳಿಗೆ ಎಲ್ಲೆಡೆ ಎರೆ ಪುಡಿ. ಒಂದು ಮಿಲಿಮೀಟರ್‌ಗಿಂತ ಹೆಚ್ಚು ಉಬ್ಬಿದರೆ ಪ್ರತಿ ಉಬ್ಬಿನ ತಲೆಯೂ ಧೂಳಿನ ಅಟ್ಟವಾಗುತ್ತದೆ. ಬಟ್ಟೆಯಲ್ಲಿ ಒರೆಸಿದರೆ ನೂಲು ಸಿಕ್ಕಿಕೊಳ್ಳುತ್ತದೆ, ಮೆತ್ತನೆ ಬ್ರಷ್ಷೊಂದೇ ಗತಿ.

ಸಾಮಾನಿನ ಲೆಕ್ಕ. ಸರಾಸರಿ ಒಂದು ಮಿಲಿಮೀಟರ್ ದಪ್ಪಕ್ಕೆ ಒಂದು ಚದರ ಮೀಟರ್ (ಸುಮಾರು 10.8 ಚದರ ಅಡಿ) ಗೋಡೆ ಒಂದು ಲೀಟರ್ ಮಾಲು ತಿನ್ನುತ್ತದೆ. ಈ ಪೇಸ್ಟ್ ಲೀಟರಿಗೆ ಸುಮಾರು 1.7 ಕೆಜಿ ತೂಗುತ್ತದೆ. ಸ್ಪಂಜ್ ರೋಲರಿನ ಸಣ್ಣ ಉಬ್ಬಿಗೆ ಸರಾಸರಿ ದಪ್ಪ ಅರ್ಧದಿಂದ ಮುಕ್ಕಾಲು ಮಿಲಿಮೀಟರ್. ಅಂದರೆ ಕೆಜಿಗೆ ಸುಮಾರು 8.5ರಿಂದ 12.5 ಚದರ ಅಡಿ. ಪೂರ್ತಿ ಗೋಡೆ 180 ಚದರ ಅಡಿಗೆ 20 ಕೆಜಿ ಹಿಡಿಯಿರಿ. ಮೇಲಿನ 6 ಅಡಿ ಮಾತ್ರವಾದರೆ 108 ಚದರ ಅಡಿಗೆ 12 ಕೆಜಿ. ಬಕೆಟ್ ಮೇಲಿನ ಅಂಕಿ ಇದಕ್ಕಿಂತ ಉದಾರವಾಗಿದ್ದರೆ ನಂಬುವ ಮುನ್ನ ಬಕೆಟನ್ನು ತೂಗಿ, 10 ಚದರ ಅಡಿಯ ಹಲಗೆಗೆ ಹೊಡೆದು ಮತ್ತೆ ತೂಗಿ. ಪ್ರೈಮರ್ ಪೂರ್ತಿ ಗೋಡೆಗೆ 2 ಲೀಟರ್. ಮೇಲಿನ ಎಮಲ್ಷನ್ ನುಣುಪು ಗೋಡೆಗಿಂತ ಮೂರನೇ ಒಂದು ಪಾಲು ಹೆಚ್ಚು ಬೇಕು, ಏಕೆಂದರೆ ಉಬ್ಬುತಗ್ಗಿನಿಂದ ಗೋಡೆಯ ಮೈ ಹೆಚ್ಚಿರುತ್ತದೆ: ಎರಡು ಕೈಗೆ 4 ಲೀಟರಿನ ಡಬ್ಬಿ ಒಂದು, ಮುನ್ನೆಚ್ಚರಿಕೆಗೆ ಇನ್ನೊಂದು ಲೀಟರ್. ಎರಡು ಬಕೆಟ್ ತಂದರೆ ಬ್ಯಾಚ್ ನಂಬರ್ ಒಂದೇ ಇರಲಿ, ಎರಡನ್ನೂ ಒಂದೇ ಡ್ರಮ್ಮಿಗೆ ಸುರಿದು ಕೂಡಿಸಿ.

ಹಲಗೆಯ ಮಾತು ಬಂತಲ್ಲ, ಅದನ್ನು ಬಿಡಬೇಡಿ. ಪ್ರೈಮರ್ ಹೊಡೆದ ಪ್ಲೈವುಡ್ ತುಂಡಿನ ಮೇಲೆ ಕೈ ಪಳಗಿಸಿಕೊಳ್ಳಿ, ಒಣಗಿದ ಮೇಲೆ ಅದನ್ನು ಟಿವಿ ಗೋಡೆಗೆ ಆನಿಸಿ, ರಾತ್ರಿ ಟ್ಯೂಬ್‌ಲೈಟ್ ಹಚ್ಚಿ ನೋಡಿ. ಗೋಡೆಗೆ ತಾಗಿದ ಲೈಟಿನ ಬೆಳಕು ಓರೆಯಾಗಿ ಬಿದ್ದು ಸಣ್ಣ ಉಬ್ಬನ್ನೂ ಗುಡ್ಡ ಮಾಡಿ ತೋರಿಸುತ್ತದೆ. ಹಗಲಲ್ಲಿ ಚೆಂದ ಕಂಡದ್ದು ರಾತ್ರಿ ಸಿಡುಬಿನ ಕಲೆಯಂತೆ ಕಂಡೀತು.

ಹೊಡೆಯುವ ದಿನ ಬೆಳಿಗ್ಗೆ 6ಕ್ಕೆ ಶುರು ಮಾಡಿ 10ರೊಳಗೆ ಮುಗಿಸಿ. ಅಂಗೈ ಇಟ್ಟಾಗ ಗೋಡೆ ಬಿಸಿ ತಾಗುತ್ತಿದ್ದರೆ ಅಂದು ಬೇಡ. ಮೇನ್ ಸ್ವಿಚ್ ಆರಿಸಿ ಸ್ವಿಚ್‌ಬೋರ್ಡಿನ ಮುಚ್ಚಳ ಬಿಚ್ಚಿ, ಅಂಚಿಗೆ ಟೇಪ್ ಹಚ್ಚಿ. ಫ್ಯಾನ್ ಬಂದ್, ಕಿಟಕಿಗಳೂ ಮುಚ್ಚಿರಲಿ. ಗಾಳಿ ಬೇಕಾಗುವುದು ಮುಗಿದ ಮೇಲೆ. ಪೇಸ್ಟನ್ನು, ಮೇನ್ ಸ್ವಿಚ್ ಆರಿಸುವ ಮೊದಲೇ, ಡ್ರಿಲ್ಲಿಗೆ ಕಡಗೋಲು ಹಾಕಿ ನಿಧಾನ ವೇಗದಲ್ಲಿ ಕಲಕಿ ಹತ್ತು ನಿಮಿಷ ಬಿಡಿ. ಜೋರಾಗಿ ಕಲಕಿದರೆ ಗಾಳಿ ಸೇರಿ ಗೋಡೆಯಲ್ಲಿ ಸೂಜಿ ತೂತು ಬೀಳುತ್ತವೆ. ನೀರು ಬಕೆಟ್ ಹೇಳಿದಷ್ಟೇ, ಅಳೆದೇ, ಎಲ್ಲ ಕಲಸಿಗೂ ಅದೇ ಅಳತೆ. ಹೆಚ್ಚಿದರೆ ಉಬ್ಬು ಕುಸಿದು ಬರಿ ದಪ್ಪ ಬಣ್ಣವಾಗುತ್ತದೆ. ಕಡಿಮೆಯಾದರೆ ರೋಲರ್ ಹಿಂದೆ ಬಾಲಬಾಲವಾಗಿ ಎದ್ದು ಮುಳ್ಳಿನಂತೆ ಒಣಗುತ್ತದೆ. ಸವಳು ಬೋರಿನ ನೀರು ಇಲ್ಲೂ ಬೇಡ, ಕುಡಿಯುವ ನೀರು ಹಾಕಿ.

ಇಬ್ಬರು ಬೇಕು, ಒಬ್ಬರಿಗೆ ಆಗದ ಕೆಲಸ. ಒಬ್ಬರು ಕರಣಿಯಿಂದಲೋ ಸಾದಾ ರೋಲರಿನಿಂದಲೋ ಛಾವಣಿಯಿಂದ ಕೆಳಗಿನವರೆಗೆ ಮೂರಡಿ ಅಗಲದ ಪಟ್ಟಿಗೆ ಮಾಲು ಸಮನಾಗಿ ಹರಡುತ್ತಾರೆ. ಇನ್ನೊಬ್ಬರು ಐದು ನಿಮಿಷದೊಳಗೆ ಸ್ಪಂಜ್ ರೋಲರ್ ಓಡಿಸುತ್ತಾರೆ. ಆ ರೋಲರನ್ನು ಮೊದಲೇ ನೀರಲ್ಲಿ ನೆನೆಸಿ ಹಿಂಡಿರಬೇಕು, ಇಲ್ಲದಿದ್ದರೆ ಮೊದಲ ಪಟ್ಟಿಯ ಮಾಲನ್ನೆಲ್ಲ ಅದೇ ಕುಡಿಯುತ್ತದೆ. ಹೇಗೆ ಬೇಕಾದರೂ ಉರುಳಿಸಿ, ಆದರೆ ಕೊನೆಯ ಎಳೆತ ಮಾತ್ರ ಪ್ರತಿ ಪಟ್ಟಿಯಲ್ಲೂ ಮೇಲಿನಿಂದ ಕೆಳಕ್ಕೆ, ಒಂದೇ ದಿಕ್ಕಿಗೆ, ರೋಲರಿನ ತೂಕದಷ್ಟೇ ಒತ್ತಡದಲ್ಲಿ. ಒತ್ತಿ ಎಳೆದರೆ ರೋಲರಿನ ಎರಡು ಅಂಚಿನಲ್ಲಿ ಹಳಿಯಂತೆ ಗೆರೆ ಬೀಳುತ್ತದೆ. ಮುಂದಿನ ಪಟ್ಟಿ ಹಿಂದಿನದರ ಹಸಿ ಅಂಚಿನ ಮೇಲೆ ಮೂರ್ನಾಲ್ಕು ಇಂಚು ಹತ್ತಬೇಕು. ಆ ಅಂಚು ಒಣಗಿತೋ, ಜೋಡಣೆಯ ಗೆರೆ ಜೀವಮಾನವಿಡೀ ಕಾಣುತ್ತದೆ, ಅದಕ್ಕೆ ಮದ್ದಿಲ್ಲ. ಆದ್ದರಿಂದ ಮೂಲೆಯಿಂದ ಮೂಲೆಗೆ ಹೋಗುವವರೆಗೆ ಚಹಾ ಇಲ್ಲ, ಫೋನ್ ಇಲ್ಲ. ದೊಡ್ಡ ರೋಲರ್ ತಲುಪದ ಮೂಲೆಗೆ ಅದೇ ಸ್ಪಂಜಿನ 4 ಇಂಚಿನ ರೋಲರ್, ಅಥವಾ ಹಳೆ ರೋಲರಿನಿಂದ ಕತ್ತರಿಸಿದ ತುಂಡಿನಿಂದ ತಟ್ಟುವುದು. ಏಣಿಗಿಂತ ರೋಲರಿಗೆ ನಾಲ್ಕಡಿ ಕೋಲು ಸಿಕ್ಕಿಸಿಕೊಳ್ಳುವುದು ಲೇಸು, ಹತ್ತಿ ಇಳಿಯುವಷ್ಟರಲ್ಲಿ ಅಂಚು ಆರಿರುತ್ತದೆ. ಟೇಪನ್ನು ಮಾಲು ಹಸಿಯಿರುವಾಗಲೇ ಓರೆಯಾಗಿ ಕಿತ್ತುಬಿಡಿ. ಒಣಗಿದ ಮೇಲೆ ಕಿತ್ತರೆ ಅಂಚು ಹರಿದು ಬರುತ್ತದೆ.

ಬೇಸಿಗೆಯಲ್ಲಿ 24 ತಾಸು ಬಿಟ್ಟು, ಉಗುರು ಒತ್ತಿದರೆ ಗುರುತು ಬೀಳದಿದ್ದರೆ, ಉದ್ದ ರೋಮದ ರೋಲರಿನಿಂದ ತೊಳೆಯಬಹುದಾದ ಎಮಲ್ಷನ್ ಎರಡು ಕೈ. ಗಿಡ್ಡ ರೋಮದ್ದಾದರೆ ಉಬ್ಬಿನ ತಲೆಗೆ ಮಾತ್ರ ಬಣ್ಣ ತಾಗಿ ತಗ್ಗು ಬಿಳಿಯಾಗಿ ಉಳಿಯುತ್ತದೆ. ಈ ಬಣ್ಣವನ್ನು ಖರ್ಚೆಂದು ಕೈಬಿಡಬೇಡಿ, ಟೆಕ್ಸ್ಚರಿನ ಒರಟು ಮೈಯನ್ನು ಧೂಳಿನಿಂದ ಕಾಯುವುದು ಇದೇ. ಮದುವೆಗೆ ಕನಿಷ್ಠ ಎರಡು ವಾರ ಮೊದಲು ಎಲ್ಲ ಮುಗಿದಿರಲಿ, ಹೊಸ ಪದರದ ಮೇಲೆ ತೋರಣದ ಟೇಪ್ ಅಂಟಿಸಿದರೆ ಟೇಪಿನ ಜೊತೆ ಗೋಡೆಯೂ ಬಂದೀತು.

ಪೇಂಟರ್ ಕೈಲೇ ಮಾಡಿಸುವುದಾದರೆ ಚದರ ಅಡಿಯ ದರದಲ್ಲಿ ಪ್ರೈಮರ್, ಮೇಲಿನ ಎರಡು ಕೈ ಎಮಲ್ಷನ್, ಆಯಿಲ್ ಪೇಂಟ್ ಉಜ್ಜುವ ಕೂಲಿ ಸೇರಿದೆಯೇ ಎಂದು ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಜಗಳ ಬರುವುದು ಈ ಮೂರರಲ್ಲೇ. ಇನ್ನೊಂದನ್ನೂ ತಿಳಿದಿರಿ: ಬೇಸರವಾದಾಗ ಟೆಕ್ಸ್ಚರ್ ತೆಗೆಯುವುದು ಸುಲಭವಲ್ಲ. ಉಬ್ಬು ಉಜ್ಜಿ, ಎರಡು ಮೂರು ಕೈ ಪುಟ್ಟಿ ಎಳೆದು ನುಣುಪು ಮಾಡಬೇಕು. ಉಜ್ಜುವಾಗ ಏಳುವ ಕಲ್ಲುಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಕರವಸ್ತ್ರ ಸಾಲದು, ಎನ್95 ಮಾಸ್ಕ್ ಬೇಕು. ಅದಕ್ಕೇ ಹಾಲಿನ ನಾಲ್ಕೂ ಗೋಡೆಗೆ ಬೇಡ, ಒಂದಕ್ಕೆ ಸಾಕು.

ಕೆಲಸ ಮುಗಿದ ಮೇಲೆ ಒಂದೆರಡು ಕೆಜಿ ಪೇಸ್ಟನ್ನು ಸಣ್ಣ ಡಬ್ಬಿಗೆ ಹಾಕಿ, ಮಾಲಿನ ಮೈಗೆ ತಾಗುವಂತೆ ಪ್ಲಾಸ್ಟಿಕ್ ಹಾಳೆ ಹಾಸಿ ಮುಚ್ಚಳ ಬಿಗಿದಿಡಿ. ತೊಳೆದು ಒಣಗಿಸಿದ ಸ್ಪಂಜ್ ರೋಲರನ್ನೂ ಅದರ ಜೊತೆಗೇ ಇಡಿ, ನಾಳೆ ಎಲ್ಲಾದರೂ ಮೊಳೆ ಕಿತ್ತು ತೂತಾದರೆ ಅದೇ ರೋಲರಿನಿಂದ ಮಾತ್ರ ಹೊಂದುವ ತೇಪೆ ಬರುತ್ತದೆ. ಡಬ್ಬಿಯ ಮೇಲೆ ಬಣ್ಣದ ನಂಬರು, ಬ್ಯಾಚು, ತಿಂಗಳು ಬರೆದಿಡಿ. ಗದ್ದೆ ಕಡೆಯ ಗೋಡೆಗೆ ಅಕ್ಟೋಬರಿನಲ್ಲಿ ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿ, ಹನಿ ಕಂಡಿತೋ ಇಲ್ಲವೋ ತಿಳಿಸಿ. ರಂಧ್ರ ಕೊರೆಸಬೇಕೋ ಬೇಡವೋ ಎಂಬುದನ್ನು ಆಗ ಹೇಳಬಹುದು.